ಮರದಲ್ಲೇ ಹಣ್ಣಾಗಲಿ

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ನನಗೆ ಕೊಟ್ಟಿರುವ ವಿಷಯ ‘ಶಿಕ್ಷಣ ಮತ್ತು ನಾವು’. ಈ ವಿಷಯದ ಮೇಲೆ ನೀವು ಎಷ್ಟೋ ಭಾಷಣ ಕೇಳಿದ್ದೀರಿ. ಆದ್ದರಿಂದ ನಾನು ಇವತ್ತು ಒಂದು ಹಣ್ಣಿನ ಬಗ್ಗೆ ಮಾತನಾಡುತ್ತೇನೆ. ಮಾತು ದಾರಿ ತಪ್ಪಿತೆಂದು ಭಾವಿಸಬೇಡಿ, ಕೊನೆಗೆ ನಾನು ಶಾಲೆಯ ಬಾಗಿಲಿಗೇ ಬಂದು ನಿಲ್ಲುತ್ತೇನೆ.

ಕಳೆದ ವರ್ಷ ಐದನೇ ತರಗತಿಯಲ್ಲಿ ‘ಕಿತ್ತಳೆ ಎಲ್ಲಿ ಬೆಳೆಯುತ್ತದೆ?’ ಎಂದು ಕೇಳಿದೆ. ಒಬ್ಬ ಹುಡುಗ ಎದ್ದು ನಿಂತು, ‘ತಳ್ಳುಗಾಡಿಯಲ್ಲಿ ಟೀಚರ್’ ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ಅವನ ತಪ್ಪೇನು? ಅವನು ಮರದಿಂದ ಹಣ್ಣು ಕಿತ್ತು ತಿಂದೇ ಇಲ್ಲ. ಆ ಭಾಗ್ಯ ನನಗೆ ಸಿಕ್ಕಿತ್ತು.

ನನ್ನ ನಾನಾ, ಅಂದರೆ ತಾಯಿಯ ತಂದೆ, ಕೊಡಗಿನ ಸಿದ್ದಾಪುರದ ಕಡೆ ಕಿತ್ತಳೆ ಫಸಲನ್ನು ಮರದ ಮೇಲೆಯೇ ಗುತ್ತಿಗೆ ಹಿಡಿಯುತ್ತಿದ್ದರು. ಕೊಡಗಿನಲ್ಲಿ ಕಿತ್ತಳೆಗೆ ಬೇರೆ ತೋಟವೆಂದು ಇರುವುದು ಕಡಿಮೆ. ಕಾಫಿ ಗಿಡಗಳ ನಡುವೆ, ಕರಿಮೆಣಸಿನ ಬಳ್ಳಿ ಹಬ್ಬಿದ ಮರಗಳ ಪಕ್ಕದಲ್ಲಿ ಕಿತ್ತಳೆ ಮರವೂ ನಿಂತಿರುತ್ತದೆ. ಮಳೆಗಾಲದಲ್ಲಿ ಒಂದು ಫಸಲು, ಚಳಿಗಾಲದಲ್ಲಿ ಇನ್ನೊಂದು. ಮಳೆಗಾಲದ ಹಣ್ಣು ಕೀಳಲು ಹೋದರೆ ಕಾಲಿಗೆ ಜಿಗಣೆ ಹತ್ತುತ್ತದೆ. ಚಳಿಗಾಲದ ಹಣ್ಣೇ ಹಣ್ಣು. ರಾತ್ರಿ ಚಳಿ ಬಿದ್ದಷ್ಟೂ ಸಿಪ್ಪೆಗೆ ಬಣ್ಣ ಬರುತ್ತದೆ.

ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ನಾನಾ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ‘ಹುಡುಗಿ ಮರ ಹತ್ತಬಾರದು’ ಎಂದು ನಾನಿ ಹಿಂದಿನಿಂದ ಕೂಗುತ್ತಿದ್ದರು. ನಾನಾ ಕೇಳಿಸದವರಂತೆ ಮುಂದೆ ನಡೆಯುತ್ತಿದ್ದರು. ತಂಪಾದ ಹಣ್ಣನ್ನು ಅಂಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಸಿಪ್ಪೆ ಬಿಡಿಸಿದಾಗ ಮಂಜಿನ ಹಾಗೆ ಎಣ್ಣೆ ಚಿಮ್ಮಿ ಮೂಗಿಗೆಲ್ಲ ಘಮ ತುಂಬುತ್ತಿತ್ತು. ಮೊದಲ ತೊಳೆ ಬಾಯಿಗೆ ಹಾಕಿದರೆ ಮೊದಲು ಚಳಿ, ಆಮೇಲೆ ಹುಳಿ, ಕೊನೆಗೆ ಸಿಹಿ. ಕೊಡಗಿನ ಕಿತ್ತಳೆಯ ಗುಣವೇ ಅದು, ಬರೀ ಸಿಹಿಯಲ್ಲ. ಬೆರಳಿನ ವಾಸನೆ ಮಧ್ಯಾಹ್ನದ ತನಕ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ಪುಸ್ತಕ ಮಗುಚಿದರೂ ಅದೇ ಘಮ!

ನಾನಾ ಹಣ್ಣನ್ನು ಎಳೆದು ಕೀಳಲು ಬಿಡುತ್ತಿರಲಿಲ್ಲ. ಎಳೆದರೆ ತೊಟ್ಟಿನ ಬಳಿ ಸಿಪ್ಪೆ ಹರಿದು, ಅಲ್ಲಿಂದಲೇ ಕೊಳೆಯಲು ಶುರುವಾಗುತ್ತದೆ. ತೊಟ್ಟು ಸೇರಿಸಿ ಕತ್ತರಿಸಬೇಕು. ಇನ್ನೊಂದು ಮಾತನ್ನು ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು: ‘ಪಕ್‌ನೇ ದೇ ಬೇಟಾ’. ಹಣ್ಣಾಗಲು ಬಿಡು ಮಗಳೇ ಎಂದು. ಮಾವಿನಕಾಯಿಯನ್ನು ಕಿತ್ತು ಹುಲ್ಲಿನಲ್ಲಿ ಇಟ್ಟರೆ ಹಣ್ಣಾಗುತ್ತದೆ. ಬಾಳೆಯೂ ಹಾಗೆಯೇ. ಅವುಗಳೊಳಗೆ ಪಿಷ್ಟ ಕೂಡಿರುತ್ತದೆ, ಕಿತ್ತ ಮೇಲೂ ಅದು ಸಕ್ಕರೆಯಾಗುತ್ತದೆ. ಕಿತ್ತಳೆಗೆ ಆ ಉಳಿತಾಯವಿಲ್ಲ. ಅದರ ಸಿಹಿ ದಿನದಿನವೂ ಮರದಿಂದಲೇ ಬರಬೇಕು. ಕಿತ್ತ ದಿನ ಎಷ್ಟು ಸಿಹಿ ಇತ್ತೋ ಅಷ್ಟೇ. ಹೊರಗಿನ ಸಿಪ್ಪೆಗೆ ಆಮೇಲೆ ಬಣ್ಣ ಬರಿಸಬಹುದು, ಒಳಗಿನ ರುಚಿಯನ್ನು ಬರಿಸಲಾಗದು. ಇದನ್ನು ನಾನು ವಿಜ್ಞಾನದ ಪುಸ್ತಕದಲ್ಲಿ ಓದಿದ್ದು ಬಹಳ ವರ್ಷಗಳ ಮೇಲೆ. ಅಕ್ಷರ ಬಾರದ ನಾನಾಗೆ ಅದು ಮೊದಲೇ ಗೊತ್ತಿತ್ತು.

ಹೌದು, ನಾನಾಗೆ ಅಕ್ಷರ ಬರುತ್ತಿರಲಿಲ್ಲ. ಅಂಕಿಗಳು ಮಾತ್ರ ಬರುತ್ತಿದ್ದವು. ಒಂದು ಕೈಯಲ್ಲಿ ಎರಡು, ಇನ್ನೊಂದರಲ್ಲಿ ಮೂರು ಹಣ್ಣು ಎತ್ತಿ ಐದೈದಾಗಿ ಎಣಿಸುತ್ತಿದ್ದರು. ಮರವನ್ನು ಒಂದು ಸುತ್ತು ಹಾಕಿ ಎಷ್ಟು ಹಣ್ಣು ಇಳಿಯಬಹುದೆಂದು ಹೇಳಿದರೆ, ಇಳಿಸಿದ ಮೇಲೆ ಲೆಕ್ಕ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. 1998ರ ಚಳಿಗಾಲ. ನಾನು ಆಗ ನಾಲ್ಕನೇ ತರಗತಿ. ಆ ವರ್ಷ ನಾನಾ ಸಾಲ ಮಾಡಿ ದೊಡ್ಡ ತೋಟವೊಂದರ ಫಸಲು ಹಿಡಿದಿದ್ದರು. ಜನವರಿ ಕೊನೆಯವರೆಗೆ ಹಣ್ಣು ಕೀಳಬಹುದೆಂದು ಬಾಯಿಮಾತು ಆಗಿತ್ತು. ಛಾಪಾ ಕಾಗದದ ಮೇಲೆ ಕನ್ನಡದಲ್ಲಿ ಕರಾರು ಬರೆದರು, ನಾನಾ ಹೆಬ್ಬೆಟ್ಟು ಒತ್ತಿದರು. ಒತ್ತುವ ಮುಂಚೆ ಅವರು ಕಾಗದವನ್ನು ನೋಡದೇ ಇರಲಿಲ್ಲ. ಅದರಲ್ಲಿ ‘31’ ಎಂಬ ಅಂಕಿ ಕಂಡಿತು. ಜನವರಿ 31 ಸರಿಯಾಗಿದೆ ಎಂದು ಸಮಾಧಾನಪಟ್ಟರು. ಆ ಅಂಕಿಯ ಹಿಂದೆ ಇದ್ದ ತಿಂಗಳ ಹೆಸರು ಡಿಸೆಂಬರ್.

ಹೊಸ ವರ್ಷದ ಎರಡನೇ ದಿನ ತೋಟದ ರೈಟರು ಮನೆಗೆ ಬಂದು, ‘ವಾಯಿದೆ ಮುಗಿದಿದೆ, ಇನ್ನು ಮರ ಮುಟ್ಟಬೇಡಿ’ ಎಂದರು. ನಾನಾ ನಂಬಲಿಲ್ಲ. ಪೆಟ್ಟಿಗೆಯಿಂದ ಕಾಗದ ತೆಗೆದು ನನ್ನ ಕೈಗೆ ಕೊಟ್ಟು ‘ಓದು’ ಎಂದರು. ನಾನು ಓದಿದೆ. ಡಿಸೆಂಬರ್ ಎಂದು ಓದಿದಾಗ ನಾನಾ, ‘ಸರಿಯಾಗಿ ನೋಡು’ ಎಂದರು. ಮತ್ತೆ ಓದಿದೆ. ಮೂರನೇ ಸಲ ಅವರು ಓದಿಸಲಿಲ್ಲ.

ಬೇಡಿಕೊಂಡ ಮೇಲೆ ನಾಲ್ಕು ದಿನ ಸಿಕ್ಕಿತು. ಆ ನಾಲ್ಕು ದಿನದಲ್ಲಿ ಹಣ್ಣು, ಕಾಯಿ ಎನ್ನದೆ ಎಲ್ಲವನ್ನೂ ಇಳಿಸಿದರು. ಎಳೆಯಬಾರದೆಂದು ಹೇಳುತ್ತಿದ್ದ ನಾನಾ ತಾವೇ ಎಳೆದು ಕಿತ್ತರು. ಮೈಸೂರಿನ ವ್ಯಾಪಾರಿ ಒಂದು ಹಣ್ಣು ಬಿಡಿಸಿ, ಒಂದು ತೊಳೆ ತಿಂದು, ಉಳಿದದ್ದನ್ನು ಬುಟ್ಟಿಯ ಮೇಲೆಯೇ ಇಟ್ಟನಂತೆ. ಸಿಕ್ಕಿದ್ದು ಅರ್ಧ ಬೆಲೆ. ಸಾಲ ತೀರಿಸಲು ನಾನಿಯ ಬಳೆಗಳು ಹೋದವು.

ನಾನು ಯಾರಿಗೂ ಹೇಳದಿದ್ದ ಒಂದು ಮಾತು ಇದೆ. ಆ ಕಾಗದವನ್ನು ನಾನು ಮಳೆಗಾಲದಲ್ಲೇ ನೋಡಿದ್ದೆ. ಪೆಟ್ಟಿಗೆ ತೆರೆದಿದ್ದಾಗ ಕುತೂಹಲಕ್ಕೆ ತೆಗೆದು ಎರಡು ಸಾಲು ಓದಿದೆ. ‘ಸದರಿ’, ‘ಮೇಲ್ಕಂಡ’ ಎಂಬ ಮಾತುಗಳು ಅರ್ಥವಾಗದೆ ಮಡಚಿ ಇಟ್ಟುಬಿಟ್ಟೆ. ಇನ್ನೂ ಏಳೆಂಟು ಸಾಲು ಓದಿದ್ದರೆ ತಾರೀಖು ಸಿಗುತ್ತಿತ್ತು. ಓದು ಬರುವವಳು ಮನೆಯಲ್ಲಿದ್ದಳು. ‘ಓದು’ ಎಂದು ಯಾರೂ ಹೇಳಲಿಲ್ಲ, ಅವಳೂ ಪೂರ್ತಿ ಓದಲಿಲ್ಲ.

ನಾನಾ ಯಾರನ್ನೂ ಬೈಯಲಿಲ್ಲ. ಒಂದು ಸಂಜೆ ನನ್ನ ಸ್ಲೇಟು ತೆಗೆದುಕೊಂಡು ಬಂದು, ‘ಜನವರಿ ಬರೆ, ಡಿಸೆಂಬರ್ ಬರೆ’ ಎಂದರು. ಅವೆರಡನ್ನೂ ಬಹಳ ಹೊತ್ತು ನೋಡಿದರು. ಮುಂದಿನ ಮಳೆಗಾಲದ ಹೊತ್ತಿಗೆ ಹನ್ನೆರಡು ತಿಂಗಳ ಹೆಸರನ್ನೂ ಗುರುತಿಸುತ್ತಿದ್ದರು. ಅದಾದ ಮೇಲೆ ನಾನು ಓದಿ ಹೇಳುವವರೆಗೆ ಅವರು ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಲಿಲ್ಲ. ನಾನು ಬಿ.ಎಡ್. ಸೇರುವಾಗ ಅರ್ಜಿಯನ್ನು ಕೂಡ ‘ಜೋರಾಗಿ ಓದು’ ಎಂದು ಓದಿಸಿಯೇ ಬಿಟ್ಟರು.

ಓದುಗರೇ, ಕಿತ್ತಳೆಗೂ ಅಕ್ಷರಕ್ಕೂ ಇರುವ ನಂಟು ನಮ್ಮ ಮನೆಯದು ಮಾತ್ರವಲ್ಲ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರನ್ನು ನೀವು ಬಲ್ಲಿರಿ. ವಿದೇಶಿಯರೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದ ಸಂಕಟವೇ ಅವರಿಂದ ನ್ಯೂಪಡ್ಪುವಿನಲ್ಲಿ ಶಾಲೆ ಕಟ್ಟಿಸಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರಿನಲ್ಲಿ ಬರಿಗಾಲಿನಲ್ಲಿ ನಡೆದು ಹೋಗಿ ಅದನ್ನು ಸ್ವೀಕರಿಸಿದರು. ಆ ದೃಶ್ಯ ನೋಡುವಾಗ ನನಗೆ ನಾನಾ ನೆನಪಾದರು. ಆಗ ಅವರು ಬದುಕಿರಲಿಲ್ಲ.

ಆ ಮರಗಳೂ ಈಗ ಬಹುಪಾಲು ಇಲ್ಲ. ಎಲೆ ಹಳದಿಯಾಗಿ, ಕೊಂಬೆಗಳು ತುದಿಯಿಂದ ಒಣಗುತ್ತಾ ಬರುವ ಗ್ರೀನಿಂಗ್ ಎಂಬ ರೋಗ ಕೊಡಗಿನ ಕಿತ್ತಳೆಯನ್ನು ತಿಂದುಹಾಕಿತು. ರೋಗ ತರುವುದು ಕಣ್ಣಿಗೆ ಕಾಣದ ಸೂಕ್ಷ್ಮಾಣು, ಮರದಿಂದ ಮರಕ್ಕೆ ಒಯ್ಯುವುದು ಒಂದು ಸಣ್ಣ ಕೀಟ. ಬಂದ ಮೇಲೆ ಮದ್ದಿಲ್ಲ. ರೋಗವಿಲ್ಲದ ಸಸಿ ತಂದು ನೆಡುವುದೊಂದೇ ದಾರಿ. ಬೇರು ಕೊಳೆಯುವ ರೋಗವೂ ಸೇರಿಕೊಂಡಿತು. ಬೆಳೆಗಾರರು ಕಾಫಿ, ಮೆಣಸಿನ ಕಡೆ ತಿರುಗಿದರು. 2005-06ರಲ್ಲಿ ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಬಂದಿತು. ಹೆಸರಿಗೆ ರಕ್ಷಣೆ ಸಿಕ್ಕಿತು, ಮರಕ್ಕೆ ಸಿಗುವುದು ಇನ್ನೂ ಬಾಕಿ ಇದೆ. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಈ ಹಣ್ಣಿನ ಮೇಲೆ ಬಹಳ ವರ್ಷಗಳಿಂದ ಕೆಲಸ ನಡೆದಿದೆ ಎಂಬುದೇ ಭರವಸೆ.

ಮಕ್ಕಳೇ, ನಿಮಗೊಂದು ಮನೆಗೆಲಸ ಕೊಡುತ್ತೇನೆ. ಕಿತ್ತಳೆ ತಿಂದಾಗ ಬೀಜವನ್ನು ಉಗುಳಿ ಬಿಡಬೇಡಿ, ಒಣಗಿಸಲೂ ಬೇಡಿ, ಹಸಿಯಾಗಿಯೇ ಕುಂಡದಲ್ಲಿ ಹಾಕಿ. ಕೆಲವು ಬೀಜಗಳಿಂದ ಒಂದರ ಬದಲು ಎರಡು ಮೂರು ಮೊಳಕೆ ಬರುವುದನ್ನು ನೋಡುತ್ತೀರಿ. ಅವುಗಳಲ್ಲಿ ಹೆಚ್ಚಿನವು ತಾಯಿಮರದ ಪಡಿಯಚ್ಚು. ಬೀಜದಿಂದ ಬಂದ ಮರ ಫಲ ಕೊಡಲು ಏಳೆಂಟು ವರ್ಷ ಬೇಕು. ಇವತ್ತು ಐದನೇ ತರಗತಿಯಲ್ಲಿರುವವರು ಕಾಲೇಜು ಮುಟ್ಟುವ ಹೊತ್ತಿಗೆ ಅದು ಹೂ ಬಿಟ್ಟೀತು.

ಪೋಷಕರೇ, ನಿಮ್ಮಲ್ಲಿ ನನ್ನದು ಎರಡೇ ವಿನಂತಿ. ಎಂಟನೇ ತರಗತಿ ಆಯಿತು, ಸಾಕು, ಗ್ಯಾರೇಜಿಗೆ ಹೋಗಲಿ, ಮದುವೆ ಮಾಡೋಣ ಎಂದು ಪ್ರತಿ ವರ್ಷ ನಾಲ್ಕಾರು ಜನ ಟಿ.ಸಿ. ಕೇಳಲು ಬರುತ್ತೀರಿ. ನಿಮ್ಮ ಕಷ್ಟ ನಾನು ಬಲ್ಲೆ, ಸಾಲದ ಮನೆಯಲ್ಲಿ ಬೆಳೆದವಳು ನಾನು. ಆದರೂ ಕೇಳುತ್ತೇನೆ, ಇನ್ನೆರಡು ವರ್ಷ ಬಿಡಿ. ಕಾಯಿ ಕಿತ್ತರೆ ಅರ್ಧ ಬೆಲೆ ಸಿಗುತ್ತದೆ, ಆಮೇಲೆ ಎಷ್ಟು ದಿನ ಇಟ್ಟರೂ ಅದು ಹಣ್ಣಾಗುವುದಿಲ್ಲ. ಎರಡನೆಯದು, ಮನೆಗೆ ಯಾವ ಕಾಗದ ಬಂದರೂ ಶಾಲೆಗೆ ಹೋಗುವ ಮಗುವಿನ ಕೈಗೆ ಕೊಟ್ಟು ಜೋರಾಗಿ ಓದಿಸಿ. ಮಗಳಾದರೆ ಅವಳಿಂದಲೇ ಓದಿಸಿ. ಕೊನೆಯ ಸಾಲಿನವರೆಗೂ ಓದಿಸಿ.