ಸೋಸಿ ನೋಡುವ ವಿದ್ಯೆ

(ಸಂಘದ ವಾರ್ಷಿಕೋತ್ಸವದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ನನಗೆ ಕೊಟ್ಟಿರುವ ವಿಷಯ ವಿಜ್ಞಾನ ಸಂಶೋಧನೆ. ಶಾಲೆಯಲ್ಲಿ ಉರ್ದು ಮತ್ತು ಕನ್ನಡ ಪಾಠ ಮಾಡುವುದು ನನ್ನ ಕೆಲಸ. ಆದ್ದರಿಂದ ನನಗೆ ಗೊತ್ತಿರುವ ಭಾಷೆಯಿಂದಲೇ ಆರಂಭಿಸುತ್ತೇನೆ. ಸಂಶೋಧನೆಗೆ ಉರ್ದುವಿನಲ್ಲಿ 'ತಹಕೀಕ್' ಎನ್ನುತ್ತೇವೆ. ಅದು 'ಹಕ್' ಎಂಬ ಅರಬ್ಬಿ ಮೂಲದಿಂದ ಬಂದ ಮಾತು. ಹಕ್ ಎಂದರೆ ಸತ್ಯ. ಒಂದು ಸಂಗತಿ ನಿಜವೋ ಅಲ್ಲವೋ ಎಂದು ಖಚಿತ ಮಾಡಿಕೊಳ್ಳುವುದೇ ತಹಕೀಕ್. ಕನ್ನಡದಲ್ಲಿ 'ಶೋಧಿಸು' ಎಂಬ ಮಾತಿಗೆ ಎರಡು ಅರ್ಥಗಳಿವೆ. ಹುಡುಕುವುದು ಒಂದು, ಸೋಸುವುದು ಇನ್ನೊಂದು. ಕಷಾಯವನ್ನು ಬಟ್ಟೆಯಲ್ಲಿ ಶೋಧಿಸಿ ಕೊಡು ಎನ್ನುತ್ತೇವಲ್ಲ, ಹಾಗೆ. ಎರಡು ಭಾಷೆಗಳನ್ನೂ ಸೇರಿಸಿಕೊಂಡರೆ ಸಂಶೋಧನೆಯ ಅರ್ಥ ಪೂರ್ತಿಯಾಗುತ್ತದೆ: ನಿಜದ ಜೊತೆ ಬೆರೆತಿರುವ ಭ್ರಮೆ, ಊಹೆ, ಆಕಸ್ಮಿಕಗಳನ್ನು ಸೋಸಿ ತೆಗೆದು, ಉಳಿದದ್ದನ್ನು ಖಚಿತಪಡಿಸಿಕೊಳ್ಳುವುದು.

ಇದನ್ನು ನಾಲ್ಕು ಉದಾಹರಣೆಗಳಿಂದ ತಿಳಿಸಲು ಪ್ರಯತ್ನಿಸುತ್ತೇನೆ. ಅರ್ಥಶಾಸ್ತ್ರ, ಕಣ ಭೌತಶಾಸ್ತ್ರ, ದೂರದ ಗ್ರಹಗಳ ಛಾಯಾಚಿತ್ರ, ಮತ್ತು ನುಂಗುವ ತೊಂದರೆಯ ಚಿಕಿತ್ಸೆ. ಇವಕ್ಕೂ ಅವಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ವಿಷಯಗಳು ಬೇರೆ ಬೇರೆ, ಸೋಸುವ ಬಟ್ಟೆ ಮಾತ್ರ ಒಂದೇ.

ಮೊದಲು ಅರ್ಥಶಾಸ್ತ್ರ. ಅರ್ಥಶಾಸ್ತ್ರವೆಂದರೆ ಬ್ಯಾಂಕು, ಬಜೆಟ್ಟು, ಷೇರುಪೇಟೆ ಎಂದು ನಮ್ಮಲ್ಲಿ ಅನೇಕರ ತಿಳಿವಳಿಕೆ. ಬಡ ಮಕ್ಕಳ ಕಲಿಕೆ ಹೇಗೆ ಸುಧಾರಿಸುತ್ತದೆ ಎಂಬುದೂ ಅದರ ಪ್ರಶ್ನೆಯೇ. 1990ರ ದಶಕದಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೇಮರ್ ಮತ್ತು ಅವರ ಸಂಗಡಿಗರು ಪೂರ್ವ ಆಫ್ರಿಕದ ಕೀನ್ಯಾ ದೇಶದ ಹಳ್ಳಿ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಆ ಶಾಲೆಗಳಲ್ಲಿ ಪಠ್ಯಪುಸ್ತಕಗಳಿಗೆ ಬಹಳ ಕೊರತೆ ಇತ್ತು. ಪುಸ್ತಕ ಕೊಟ್ಟರೆ ಫಲಿತಾಂಶ ಏರುತ್ತದೆ ಎಂದು ಎಲ್ಲರೂ ನಂಬಿದ್ದರು. ಅವರು ಕೆಲವು ಶಾಲೆಗಳಿಗೆ ಮೊದಲು ಕೊಟ್ಟರು, ಉಳಿದವಕ್ಕೆ ಆಮೇಲೆ. ಮೊದಲು ಯಾರಿಗೆ ಎಂಬುದನ್ನು ಶಿಫಾರಸು ನೋಡಿ ತೀರ್ಮಾನಿಸಲಿಲ್ಲ, ಒಳ್ಳೆಯ ಶಾಲೆ ಎಂದೂ ಆರಿಸಲಿಲ್ಲ. ಹೀಗೆ ಮಾಡಿದ್ದರಿಂದ ಎರಡೂ ಗುಂಪಿನ ಶಾಲೆಗಳು ಒಂದೇ ಬಗೆಯವಾಗಿದ್ದವು. ಇಲ್ಲವಾದರೆ ಫಲಿತಾಂಶ ಏರಿದ್ದು ಪುಸ್ತಕದಿಂದಲೋ, ಚುರುಕಾದ ಹೆಡ್‌ಮಾಸ್ಟರಿಂದಲೋ ಹೇಳುವುದು ಹೇಗೆ?

ಫಲಿತಾಂಶ ನೋಡಿದಾಗ ಎಲ್ಲರಿಗೂ ಆಶ್ಚರ್ಯ. ಮಕ್ಕಳ ಸರಾಸರಿ ಅಂಕ ಏರಲೇ ಇಲ್ಲ. ಮೊದಲಿನಿಂದಲೂ ಮುಂದಿದ್ದ ಜಾಣ ಮಕ್ಕಳಿಗೆ ಮಾತ್ರ ಲಾಭವಾಗಿತ್ತು. ಕಾರಣ ಹುಡುಕಿದಾಗ, ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು. ಅಲ್ಲಿನ ಹೆಚ್ಚಿನ ಮಕ್ಕಳಿಗೆ ಇಂಗ್ಲಿಷು ಮೂರನೆಯ ಭಾಷೆ. ಪುಸ್ತಕ ಕೈಯಲ್ಲಿತ್ತು, ಓದಲು ಬರುತ್ತಿರಲಿಲ್ಲ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂದು ಮೂರು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳ ಶಿಕ್ಷಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಇದೇ ಬಗೆಯ ಪರೀಕ್ಷೆಯನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ನಮ್ಮ ದೇಶದ ವಡೋದರ ಮತ್ತು ಮುಂಬಯಿಯ ಶಾಲೆಗಳಲ್ಲಿ ಮಾಡಿದರು. 'ಪ್ರಥಮ್' ಸಂಸ್ಥೆಯ ಆ ಕಾರ್ಯಕ್ರಮದ ಹೆಸರು ಬಾಲಸಖಿ. ಪ್ರೌಢಶಾಲೆ ಮುಗಿಸಿದ ಅದೇ ಬಡಾವಣೆಯ ಯುವತಿಯರು ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು ಮೂಲ ಓದು, ಮೂಲ ಲೆಕ್ಕ ಕಲಿಸಿದರು. ಇಲ್ಲಿ ಮಕ್ಕಳ ಅಂಕಗಳು ನಿಜವಾಗಿಯೂ ಏರಿದವು. ಈ ವರದಿ ಪ್ರಕಟವಾದದ್ದು 2007ರಲ್ಲಿ. 2019ರಲ್ಲಿ ಬ್ಯಾನರ್ಜಿ, ಡುಫ್ಲೊ, ಕ್ರೇಮರ್ ಮೂವರಿಗೂ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ಎರಡನೆಯದು ಕಣ ಭೌತಶಾಸ್ತ್ರ. ವಸ್ತುವನ್ನು ಒಡೆಯುತ್ತ ಹೋದರೆ ಕೊನೆಗೆ ಉಳಿಯುವುದೇನು, ಅದಕ್ಕೆ ತೂಕ ಎಲ್ಲಿಂದ ಬಂತು ಎಂದು ಕೇಳುವ ಶಾಸ್ತ್ರ ಇದು. 1964ರಲ್ಲಿ ಪೀಟರ್ ಹಿಗ್ಸ್, ಫ್ರಾಂಸ್ವಾ ಆಂಗ್ಲೇರ್, ರಾಬರ್ಟ್ ಬ್ರೌಟ್ ಮುಂತಾದವರು ಇದಕ್ಕೊಂದು ಉತ್ತರವನ್ನು ಕಾಗದದ ಮೇಲೆ ಬರೆದರು. ಅದು ನಿಜವಾದರೆ ಒಂದು ಹೊಸ ಕಣ ಇರಲೇಬೇಕಿತ್ತು. ಅದು ಬೋಸಾನ್ ಎಂಬ ಜಾತಿಯ ಕಣ. ಆ ಜಾತಿಗೆ ಆ ಹೆಸರು ಬಂದದ್ದು ನಮ್ಮ ಸತ್ಯೇಂದ್ರನಾಥ ಬೋಸ್ ಅವರಿಂದ. ಅದನ್ನು ಕಾಣಲು 48 ವರ್ಷ ಬೇಕಾಯಿತು. ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ನೆಲದಡಿ 27 ಕಿಲೋಮೀಟರ್ ಸುತ್ತಳತೆಯ ಯಂತ್ರದಲ್ಲಿ ಪ್ರೋಟಾನುಗಳನ್ನು ಡಿಕ್ಕಿ ಹೊಡೆಸಿದರು. ಸುಮಾರು ನೂರು ಕೋಟಿ ಡಿಕ್ಕಿಗಳಲ್ಲಿ ಒಂದರಲ್ಲಿ ಮಾತ್ರ ಈ ಕಣ ಹುಟ್ಟುತ್ತದೆ, ಹುಟ್ಟಿದ ಕ್ಷಣದಲ್ಲೇ ಒಡೆದುಹೋಗುತ್ತದೆ. ಅದರ ಚೂರುಗಳ ಜಾಡು ಹಿಡಿದೇ ಅದನ್ನು ಗುರುತಿಸಬೇಕು.

ಇಷ್ಟು ದೊಡ್ಡ ಗದ್ದಲದಲ್ಲಿ ಕಂಡ ಸಣ್ಣ ಗುರುತನ್ನು ನಂಬುವುದು ಹೇಗೆ? ಆ ಶಾಸ್ತ್ರಜ್ಞರು ತಮಗೆ ತಾವೇ ಒಂದು ಕಟ್ಟುನಿಟ್ಟಿನ ನಿಯಮ ಹಾಕಿಕೊಂಡಿದ್ದಾರೆ. ಕಣವೇ ಇಲ್ಲದೆ ಕೇವಲ ಆಕಸ್ಮಿಕದಿಂದ ಅಂಥ ಗುರುತು ಕಾಣುವ ಸಾಧ್ಯತೆ ಸುಮಾರು 35 ಲಕ್ಷಕ್ಕೆ ಒಂದರಷ್ಟು ಕಡಿಮೆ ಆಗುವ ತನಕ 'ಕಂಡುಹಿಡಿದೆವು' ಎಂದು ಹೇಳುವಂತಿಲ್ಲ. ಅಟ್ಲಾಸ್ ಮತ್ತು ಸಿಎಂಎಸ್ ಎಂಬ ಎರಡು ತಂಡಗಳು ಬೇರೆ ಬೇರೆಯಾಗಿ ಹುಡುಕಿದವು. ಎರಡೂ ಒಂದೇ ಉತ್ತರಕ್ಕೆ ಬಂದ ಮೇಲೆ, 2012ರ ಜುಲೈ 4ರಂದು ಲೋಕಕ್ಕೆ ಸಾರಿದರು. ಮರುವರ್ಷ ಹಿಗ್ಸ್ ಮತ್ತು ಆಂಗ್ಲೇರ್ ಅವರಿಗೆ ನೊಬೆಲ್ ಬಂತು. ಬ್ರೌಟ್ 2011ರಲ್ಲೇ ತೀರಿಕೊಂಡಿದ್ದರು.

ಇದೇ ಶಾಸ್ತ್ರದ ಇನ್ನೊಂದು ಘಟನೆ ನನಗೆ ಇದಕ್ಕಿಂತ ಹೆಚ್ಚು ಪ್ರಿಯ. 2011ರಲ್ಲಿ ಸರ್ನ್‌ನಿಂದ ಸುಮಾರು 730 ಕಿಲೋಮೀಟರ್ ದೂರದ ಇಟಲಿಯ ಪ್ರಯೋಗಾಲಯಕ್ಕೆ ಹೋದ ನ್ಯೂಟ್ರಿನೊ ಕಣಗಳು ಬೆಳಕಿಗಿಂತ ಬೇಗ ತಲುಪಿದಂತೆ ಒಪೇರಾ ಎಂಬ ತಂಡದ ಲೆಕ್ಕ ತೋರಿಸಿತು. ಅದು ನಿಜವಾದರೆ ಐನ್‌ಸ್ಟೈನರ ಸಿದ್ಧಾಂತವೇ ಅಲುಗಾಡುತ್ತಿತ್ತು. ಆ ತಂಡ ಜಂಬ ಕೊಚ್ಚಲಿಲ್ಲ. ನಮ್ಮ ಲೆಕ್ಕ ಹೀಗೆ ಬರುತ್ತಿದೆ, ದಯವಿಟ್ಟು ನೀವೂ ಪರೀಕ್ಷಿಸಿ ಎಂದು ಉಳಿದವರನ್ನು ಕೇಳಿತು. ಕೆಲವೇ ತಿಂಗಳಲ್ಲಿ ಕಾರಣ ಸಿಕ್ಕಿತು. ಸಮಯ ಅಳೆಯುವ ವ್ಯವಸ್ಥೆಯ ಒಂದು ಕೇಬಲ್ಲು ಸರಿಯಾಗಿ ಕೂತಿರಲಿಲ್ಲ! ಅದನ್ನೂ ಅವರು ಲೋಕದ ಮುಂದೆ ಹೇಳಿದರು.

ಇಂಥ ಕೆಲಸ ಯೂರೋಪಿಗೆ ಮಾತ್ರ ಸೇರಿದ್ದಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆಗೂಡಿ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತನ್ನು ಕಂಡರು. ಜಗತ್ತಿನಲ್ಲೇ ಅಂಥ ಮೊದಲ ಶೋಧಗಳಲ್ಲಿ ಅದೊಂದು. ಅಷ್ಟು ಆಳಕ್ಕೆ ಇಳಿದದ್ದು ಏಕೆ ಗೊತ್ತೇ? ಆಕಾಶದಿಂದ ಸುರಿಯುವ ಬೇರೆ ಕಣಗಳನ್ನು ಮೇಲಿನ ಬಂಡೆಯೇ ತಡೆಯಲಿ ಎಂದು. ಅಲ್ಲಿ ಸೋಸುವ ಬಟ್ಟೆ ಕೋಲಾರದ ಕಲ್ಲು! ಗಣಿ 2001ರಲ್ಲಿ ಮುಚ್ಚಿತು. ಈ ಕಥೆ ಮಾತ್ರ ನಮ್ಮ ಪ್ರತಿ ಮಗುವಿಗೂ ಗೊತ್ತಿರಬೇಕು.

ಮೂರನೆಯದು ಆಕಾಶ. ನಮ್ಮ ಸೂರ್ಯನಂತೆ ಬೇರೆ ನಕ್ಷತ್ರಗಳಿಗೂ ಗ್ರಹಗಳಿವೆ. ಈವರೆಗೆ 6000ಕ್ಕೂ ಹೆಚ್ಚು ಗ್ರಹಗಳು ಖಚಿತವಾಗಿವೆ. ಅವುಗಳಲ್ಲಿ ಹೆಚ್ಚಿನವನ್ನು ಯಾರೂ ನೋಡಿಲ್ಲ. ನಕ್ಷತ್ರದ ಬೆಳಕು ಕುಂದುವುದರಿಂದ, ನಕ್ಷತ್ರ ಅತ್ತಿತ್ತ ಓಲಾಡುವುದರಿಂದ ಗ್ರಹವಿದೆ ಎಂದು ತಿಳಿದಿದ್ದಾರೆ. ನೇರವಾಗಿ ಫೋಟೋ ತೆಗೆಯುವುದು ಬಹಳ ಕಷ್ಟ. ದೂರದಿಂದ ನೋಡಿದರೆ ನಮ್ಮ ಭೂಮಿಯ ಬೆಳಕು ಸೂರ್ಯನ ಬೆಳಕಿನ ಸುಮಾರು ಸಾವಿರ ಕೋಟಿಯಲ್ಲಿ ಒಂದು ಪಾಲು. ಕಣ್ಣು ಕೋರೈಸುವ ದೊಡ್ಡ ದೀಪದ ಪಕ್ಕದಲ್ಲಿ ಕೂತ ಮಿಂಚುಹುಳವನ್ನು ಊರಾಚೆಯಿಂದ ನೋಡಿದ ಹಾಗೆ.

ಉಪಾಯವೇನು? ಬಿಸಿಲಿಗೆ ನಾವು ಕೈ ಅಡ್ಡ ಹಿಡಿಯುವಂತೆ ನಕ್ಷತ್ರದ ಬೆಳಕಿಗೆ ದೂರದರ್ಶಕದೊಳಗೆ ಒಂದು ತಡೆ ಇಡುತ್ತಾರೆ. ಇದಕ್ಕೆ ಕರೋನಾಗ್ರಾಫ್ ಎಂದು ಹೆಸರು. ಫ್ರಾನ್ಸಿನ ಬರ್ನಾರ್ ಲಿಯೋ ಇದನ್ನು ಸೂರ್ಯನ ಪ್ರಭಾವಲಯ ನೋಡಲು ರೂಪಿಸಿದ್ದರು. ಆದರೂ ಚುಕ್ಕೆ ಚುಕ್ಕೆಯಾಗಿ ಬೆಳಕು ಸೋರುತ್ತದೆ, ಆ ಚುಕ್ಕೆಗಳು ಗ್ರಹದಂತೆಯೇ ಕಾಣುತ್ತವೆ. ಆಗ ಅದೇ ನಕ್ಷತ್ರದ ಚಿತ್ರವನ್ನು ಗಂಟೆಗಟ್ಟಲೆ ಮತ್ತೆ ಮತ್ತೆ ತೆಗೆಯುತ್ತಾರೆ. ಭೂಮಿ ತಿರುಗಿದಂತೆ ಆಕಾಶವೂ ಚಿತ್ರದಲ್ಲಿ ತಿರುಗುತ್ತದೆ. ದೂರದರ್ಶಕದ ದೋಷದಿಂದ ಬಂದ ಚುಕ್ಕೆ ನಿಂತಲ್ಲೇ ನಿಲ್ಲುತ್ತದೆ, ನಿಜವಾದ ಗ್ರಹ ಆಕಾಶದ ಜೊತೆ ತಿರುಗುತ್ತದೆ. ನಿಂತದ್ದನ್ನು ಕಳೆದರೆ ಉಳಿಯುವುದೇ ಗ್ರಹ. 2008ರಲ್ಲಿ ಹವಾಯಿಯ ಕೆಕ್ ಮತ್ತು ಜೆಮಿನಿ ದೂರದರ್ಶಕಗಳಿಂದ, ಸುಮಾರು 130 ಜ್ಯೋತಿರ್ವರ್ಷ ದೂರದ ಎಚ್‌ಆರ್ 8799 ಎಂಬ ನಕ್ಷತ್ರದ ಮೂರು ಗ್ರಹಗಳನ್ನು ಹೀಗೆ ಚಿತ್ರದಲ್ಲಿ ಹಿಡಿದರು. 2010ರಲ್ಲಿ ನಾಲ್ಕನೆಯದೂ ಸಿಕ್ಕಿತು. ಅವೆಲ್ಲ ನಮ್ಮ ಗುರುಗ್ರಹಕ್ಕಿಂತ ಭಾರವಾದ, ಇನ್ನೂ ಬಿಸಿಯಾಗಿರುವ ಎಳೆಯ ಗ್ರಹಗಳು.

ಅದೇ 2008ರಲ್ಲಿ ಫೋಮಲ್‌ಹಾಟ್ ಎಂಬ ನಕ್ಷತ್ರದ ಬಳಿ ಒಂದು ಗ್ರಹ ಕಂಡಿತೆಂದು ಹಬಲ್ ದೂರದರ್ಶಕದ ಚಿತ್ರ ಪತ್ರಿಕೆಗಳಲ್ಲಿ ಬಂತು. ಆ ಹೆಸರೂ ಅರಬ್ಬಿಯದೇ. 'ಫಮುಲ್ ಹೂತ್', ಅಂದರೆ ಮೀನಿನ ಬಾಯಿ. ಮುಂದಿನ ವರ್ಷಗಳ ಚಿತ್ರಗಳಲ್ಲಿ ಆ ಚುಕ್ಕೆ ಹರಡಿ, ಮಸುಕಾಗಿ, ಮಾಯವಾಯಿತು. ಅದು ಗ್ರಹವಲ್ಲ, ಎರಡು ಆಕಾಶಕಾಯಗಳು ಡಿಕ್ಕಿಯಾಗಿ ಎದ್ದ ಧೂಳಿನ ಮೋಡವಿರಬೇಕು ಎಂದು 2020ರಲ್ಲಿ ಇಬ್ಬರು ಖಗೋಳಜ್ಞರು ತೋರಿಸಿದರು. ಚಿತ್ರ ಸುಳ್ಳಲ್ಲ, ಅದಕ್ಕೆ ಕೊಟ್ಟ ಅರ್ಥವನ್ನು ತಿದ್ದಬೇಕಾಯಿತು.

ಈಗ ಆಕಾಶದಿಂದ ನಮ್ಮ ಗಂಟಲಿಗೆ ಬರೋಣ. ನೀವು ನಗಬೇಡಿ, ನಾಲ್ಕರಲ್ಲಿ ನಮ್ಮ ಮನೆಗಳಿಗೆ ಅತ್ಯಂತ ಹತ್ತಿರದ್ದು ಇದೇ. ನಾವು ದಿನಕ್ಕೆ ನೂರಾರು ಸಲ ನುಂಗುತ್ತೇವೆ, ಒಮ್ಮೆಯೂ ಅದರ ಬಗ್ಗೆ ಯೋಚಿಸುವುದಿಲ್ಲ. ಪ್ರತಿ ಸಲವೂ ಹತ್ತಾರು ಸ್ನಾಯುಗಳು ಸುಮಾರು ಒಂದು ಸೆಕೆಂಡಿನಲ್ಲಿ ಕೂಡಿ ಕೆಲಸ ಮಾಡಿ, ಶ್ವಾಸನಾಳವನ್ನು ಮುಚ್ಚಿ, ತುತ್ತನ್ನು ಅನ್ನನಾಳಕ್ಕೆ ಕಳಿಸುತ್ತವೆ. ಎಲ್ಲೋ ತಪ್ಪಿದರೆ ನೆತ್ತಿಗೇರಿತು ಎಂದು ಕೆಮ್ಮುತ್ತೇವೆ. ಪಾರ್ಶ್ವವಾಯು, ಅಂದರೆ ಲಕ್ವ ಹೊಡೆದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮೊದಲ ದಿನಗಳಲ್ಲಿ ಈ ವ್ಯವಸ್ಥೆ ಕೆಡುತ್ತದೆ. ಕೆಲವರಿಗೆ ನೀರು ಶ್ವಾಸಕೋಶಕ್ಕೆ ಇಳಿದರೂ ಕೆಮ್ಮು ಬರುವುದಿಲ್ಲ. ನೋಡಿದವರು 'ಚೆನ್ನಾಗಿಯೇ ಕುಡಿದರು' ಎನ್ನುತ್ತಾರೆ. ಕೆಲವು ದಿನಗಳಲ್ಲಿ ನ್ಯುಮೋನಿಯಾ ಬರುತ್ತದೆ.

ದಾದಾ ಆಗಲಿ ನಾನಿ ಆಗಲಿ ಕುಸಿದು ಬಿದ್ದರೆ ನಾವು ಮೊದಲು ಮಾಡುವ ಕೆಲಸ ಬಾಯಿಗೆ ನೀರು ಬಿಡುವುದು. ಅದು ಪ್ರೀತಿಯಿಂದ ಮಾಡುವ ಕೆಲಸ, ಆದರೆ ಅಪಾಯದ ಕೆಲಸ. ಲಕ್ವದ ಲಕ್ಷಣ ಕಂಡರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ನುಂಗುವ ಶಕ್ತಿಯನ್ನು ಅಲ್ಲಿ ಪರೀಕ್ಷಿಸಿದ ಮೇಲೆಯೇ ನೀರು, ಊಟ, ಮಾತ್ರೆ. ಈ ಭಾಷಣದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಈ ಕ್ಷೇತ್ರದಲ್ಲೂ ಸೋಸಿ ನೋಡುವ ಕೆಲಸ ನಡೆದಿದೆ. ಬೇರಿಯಂ ಬೆರೆಸಿದ ಆಹಾರ ಕೊಟ್ಟು, ನುಂಗುವಾಗ ಎಕ್ಸ್‌ರೇ ವಿಡಿಯೋ ತೆಗೆಯುತ್ತಾರೆ. ಮರೆವಿನ ಕಾಯಿಲೆ ಮತ್ತು ಪಾರ್ಕಿನ್‌ಸನ್ ಕಾಯಿಲೆ ಇರುವವರಿಗೆ ನೀರನ್ನು ಜೇನಿನಷ್ಟು ಮಂದ ಮಾಡಿ ಕೊಟ್ಟರೆ ಶ್ವಾಸನಾಳಕ್ಕೆ ಇಳಿಯುವುದು ಕಡಿಮೆ ಎಂದು ವಿಡಿಯೋದಲ್ಲಿ ಕಂಡಿತು. ಇನ್ನೇನು ಬೇಕು ಎಂದು ಅಮೆರಿಕದ ಸಂಶೋಧಕರು ಅಲ್ಲಿಗೇ ನಿಲ್ಲಲಿಲ್ಲ. 515 ರೋಗಿಗಳಲ್ಲಿ ಕೆಲವರಿಗೆ ಮಂದ ಪಾನೀಯ, ಉಳಿದವರಿಗೆ ಗಲ್ಲ ತಗ್ಗಿಸಿ ಸಾಧಾರಣ ನೀರು ಕುಡಿಯುವ ಅಭ್ಯಾಸ ಎಂದು ಹಂಚಿ ಮೂರು ತಿಂಗಳು ನೋಡಿದರು. 2008ರ ವರದಿಯಂತೆ ನ್ಯುಮೋನಿಯಾದಲ್ಲಿ ಎರಡೂ ಗುಂಪಿಗೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮೈಯಲ್ಲಿ ನೀರು ಕಡಿಮೆಯಾಗುವ ತೊಂದರೆ ಮಂದ ಪಾನೀಯದವರಲ್ಲೇ ಹೆಚ್ಚಿತ್ತು. ಹಾಗೆಂದು ವೈದ್ಯರು ಹೇಳಿದ ಪಥ್ಯವನ್ನು ನೀವಾಗಿ ಬಿಡಬೇಡಿ. ಎಕ್ಸ್‌ರೇ ಕೋಣೆಯಲ್ಲಿ ಸರಿಯಾದದ್ದು ಮೂರು ತಿಂಗಳ ಬದುಕಿನಲ್ಲೂ ಸರಿಯೇ ಎಂದು ಮತ್ತೆ ಕೇಳಿದರಲ್ಲ, ಅದನ್ನು ಗಮನಿಸಿ.

ಕೀನ್ಯಾದ ಪುಸ್ತಕ, ಇಟಲಿಯ ಕೇಬಲ್ಲು, ಫೋಮಲ್‌ಹಾಟ್‌ನ ಚುಕ್ಕೆ, ಮಂದ ಮಾಡಿದ ನೀರು. ನಾಲ್ಕರಲ್ಲೂ ಮೊದಲ ನೋಟಕ್ಕೆ ನಿಜವೆನಿಸಿದ್ದು ಬೇರೆ, ಸೋಸಿದ ಮೇಲೆ ಉಳಿದದ್ದು ಬೇರೆ. ಸೋಸುವ ಕ್ರಮವೂ ಒಂದೇ. ಹೋಲಿಸಿ ನೋಡು, ಇನ್ನೊಬ್ಬರಿಗೆ ಪರೀಕ್ಷಿಸಲು ಕೊಡು, ಉತ್ತರ ನಿನಗೆ ವಿರುದ್ಧವಾಗಿ ಬಂದರೂ ಮುಚ್ಚಿಡಬೇಡ.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ಪ್ರತಿ ಜೂನ್‌ನಲ್ಲಿ ನಾವು ನೋಟ್ ಪುಸ್ತಕ, ಬ್ಯಾಗು, ಸಮವಸ್ತ್ರ ಹಂಚುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ಅದು ನಿಲ್ಲದಿರಲಿ. ಜೊತೆಗೆ ಜೂನ್‌ನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ ಆ ಮಕ್ಕಳ ಓದನ್ನು ಅಳೆದು ನೋಡೋಣ. ಐದನೇ ತರಗತಿಯ ಮಗು ಎರಡನೇ ತರಗತಿಯ ಪಾಠ ಓದಬಲ್ಲದೇ? ಓದಲಾರದಿದ್ದರೆ ನಮ್ಮ ಹಣ ಯಾವ ಕಡೆಗೆ ಹೋಗಬೇಕೆಂದು ಆ ಉತ್ತರವೇ ಹೇಳುತ್ತದೆ. ಪಿಯುಸಿ ಮುಗಿಸಿ ಮನೆಯಲ್ಲಿ ಕುಳಿತ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಬಾಲಸಖಿಯರಿದ್ದಾರೋ ಯೋಚಿಸಿ.

ವಿದ್ಯಾರ್ಥಿಗಳೇ, ಓದೆಂದರೆ ಡಾಕ್ಟರು ಅಥವಾ ಎಂಜಿನಿಯರು, ಸೀಟು ಸಿಗದಿದ್ದರೆ ಏನೂ ಇಲ್ಲ ಎಂಬ ಮಾತನ್ನು ನಂಬಬೇಡಿ. ನುಂಗುವ ತೊಂದರೆಗೆ ಚಿಕಿತ್ಸೆ ಕೊಡುವ ವಾಕ್ ಮತ್ತು ಶ್ರವಣ ತಜ್ಞರ ಕೋರ್ಸು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿದೆ. ಉರ್ದು ಮತ್ತು ಕನ್ನಡ ಎರಡೂ ಬಲ್ಲ ತಜ್ಞರು ಸಿಕ್ಕರೆ ಮಾತು ಕಳೆದುಕೊಂಡ ನಮ್ಮ ಹಿರಿಯರಿಗೆ ಎಷ್ಟು ಆಸರೆ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಿಂದ ನಮ್ಮ ರಾಜ್ಯದಲ್ಲೇ ಇದೆ. ಅದರ ಬಾಗಿಲು ನಿಮ್ಮಂಥವರಿಗೂ ತೆರೆದಿದೆ. ಅಲ್ಲಿಯ ತನಕ ಕಾಯಬೇಕಾಗಿಯೂ ಇಲ್ಲ. ಒಂದು ನೋಟ್ ಪುಸ್ತಕ ಇಟ್ಟುಕೊಳ್ಳಿ. ಯಾರಾದರೂ 'ಇದು ಹೀಗೇ' ಎಂದಾಗ 'ಹೇಗೆ ಗೊತ್ತು?' ಎಂದು ಅದಬಿನಿಂದ, ವಿನಯದಿಂದ ಕೇಳಿ. ಕೇಳಿದ್ದನ್ನು ಬರೆದಿಡಿ, ಅಳೆಯಲು ಬರುವುದನ್ನು ಅಳೆಯಿರಿ. ನಿಮ್ಮ ಶಿಕ್ಷಕರನ್ನೂ ಕೇಳಿ, ನನ್ನನ್ನೂ ಕೇಳಿ.