ಪಂಡಿತರು ಊರಿನೊಡನೆ ಮಾತಾಡಿದಾಗ

(ಕಾಲೇಜು ಅಧ್ಯಾಪಕರ ಕಮ್ಮಟವೊಂದರಲ್ಲಿ ಮಾಡಿದ ಭಾಷಣದ ಸಾರ)



ಅಧ್ಯಾಪಕನಾದ ಹೊಸತರಲ್ಲಿ ನಾನು ಪತ್ರಿಕೆಯೊಂದಕ್ಕೆ ನಮ್ಮ ಕಡೆಯ ದಾನಶಾಸನದ ಬಗ್ಗೆ ಬರೆದೆ. ದೇವಸ್ಥಾನಕ್ಕೆ ಬಿಟ್ಟ ಗದ್ದೆಯನ್ನು ಶಾಸನ ಖಂಡುಗದ ಲೆಕ್ಕದಲ್ಲಿ ಹೇಳಿತ್ತು. ಅಲ್ಲಿ ಬೆಳೆಯುತ್ತಿದ್ದ ಭತ್ತವೇ ಅಷ್ಟು ಖಂಡುಗ ಎಂದು ನಾನು ವಿವರಿಸಿದ್ದೆ. ವಾರದೊಳಗೆ ಹಿರಿಯ ರೈತರೊಬ್ಬರ ಅಂಚೆ ಕಾರ್ಡು ಬಂತು. ‘ಸ್ವಾಮಿ, ಅದು ಬೆಳೆಯ ಲೆಕ್ಕವಲ್ಲ, ಬೀಜವರಿಯ ಲೆಕ್ಕ. ಅಷ್ಟು ಬೀಜ ಹಿಡಿಯುವ ನೆಲ ಅಂತ ಅರ್ಥ’ ಎಂದು ಬರೆದಿದ್ದರು. ನನಗೆ ನಾಚಿಕೆಯಾಯಿತು. ಆದರೆ ಆ ಬರಹ ಸಂಶೋಧನ ಪತ್ರಿಕೆಯಲ್ಲಿ ಬಂದಿದ್ದರೆ ಅದು ಅವರ ಕೈಗೆ ಸಿಕ್ಕುತ್ತಿರಲಿಲ್ಲ. ನನ್ನ ತಪ್ಪು ಹಾಗೆಯೇ ಉಳಿಯುತ್ತಿತ್ತು.

ವಿದ್ವಾಂಸರು ಸಾಮಾನ್ಯ ಓದುಗರಿಗಾಗಿ ಬರೆಯುವುದರ ಮೊದಲ ಲಾಭ ಇದು. ನಾವು ಕಲಿಸಲು ಹೋಗುತ್ತೇವೆ, ಕಲಿತು ಬರುತ್ತೇವೆ. ಪ್ರೊ. ಜಿ. ವೆಂಕಟಸುಬ್ಬಯ್ಯನವರನ್ನು ನೆನೆಯಿರಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ದುಡಿದ ಅವರು, 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಆರಂಭಿಸಿದಾಗ ಎಪ್ಪತ್ತರ ಗಡಿ ದಾಟಿದ್ದರು. ಪದಗಳ ಅರ್ಥ, ಮೂಲ, ಬಳಕೆಗಳ ಬಗ್ಗೆ ಓದುಗರು ಕೇಳಿದ್ದಕ್ಕೆ ಅವರು ಉತ್ತರ ಕೊಟ್ಟರು. ನಿಘಂಟುಕಾರನಿಗೆ ಇಂಥ ಪ್ರಶ್ನೆಗಳಿಗಿಂತ ಒಳ್ಳೆಯ ಸಾಮಗ್ರಿ ಯಾವುದಿದೆ? ಜೀವಂತ ಭಾಷೆ ತಾನಾಗಿಯೇ ಮನೆಬಾಗಿಲಿಗೆ ಬರುತ್ತದೆ.

ಹಗುರವಾಗಿ ಬರೆದರೆ ವಿದ್ಯೆಯೂ ಹಗುರವಾಗುತ್ತದೆ ಎಂಬ ಅಂಜಿಕೆ ನಮ್ಮಲ್ಲಿ ಹಲವರಿಗಿದೆ. ಅದಕ್ಕೆ ಬಿ.ಜಿ.ಎಲ್. ಸ್ವಾಮಿಯವರೇ ಉತ್ತರ. ಹಾರ್ವರ್ಡ್‌ನಲ್ಲಿ ಸಂಶೋಧನೆ ಮಾಡಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಅವರು, ಗಿಡಮರಗಳ ವಿಷಯವನ್ನು ನಗುನಗುತ್ತ ಕನ್ನಡದಲ್ಲಿ ಬರೆದರು. ‘ಹಸುರು ಹೊನ್ನು’ ಕೃತಿಗೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರಿಂದ ಅವರ ಶಾಸ್ತ್ರ ಸಡಿಲವಾಗಲಿಲ್ಲ.

ಇನ್ನು ಅಪಾಯದ ಮಾತು. ಸಣ್ಣ ಅಪಾಯ ವೃತ್ತಿಗೆ ಸಂಬಂಧಿಸಿದ್ದು. ಯುಜಿಸಿ 2010ರ ನಿಯಮಗಳಲ್ಲಿ ಅಧ್ಯಾಪಕರ ಬಡ್ತಿಗೆ ಅಂಕಗಳ ಲೆಕ್ಕ ತಂದಿತು. ಸಂಶೋಧನೆಯ ಅಂಕ ದಕ್ಕಿದ್ದು ವಿದ್ವತ್ ಪತ್ರಿಕೆಯ ಲೇಖನಕ್ಕೆ, ಗ್ರಂಥಕ್ಕೆ. ಭಾನುವಾರದ ಪುರವಣಿಯ ಬರಹಕ್ಕಲ್ಲ. ಇಂಥ ವ್ಯವಸ್ಥೆಯಲ್ಲಿ ಎಳೆಯ ಅಧ್ಯಾಪಕ ‘ನನಗೇಕೆ ಈ ಉಸಾಬರಿ’ ಎಂದುಕೊಂಡರೆ ಅವನನ್ನು ದೂರುವಂತಿಲ್ಲ.

ದೊಡ್ಡ ಅಪಾಯ ಬೇರೆ. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂಬ ಕೊಪರ್ನಿಕಸನ ಗ್ರಂಥ 1543ರಲ್ಲಿ ಪಂಡಿತರ ಲ್ಯಾಟಿನ್ನಿನಲ್ಲಿ ಪ್ರಕಟವಾಯಿತು. ರೋಮಿನ ಚರ್ಚು ಅದಕ್ಕೆ ತಡೆ ಹಾಕಿದ್ದು 1616ರಲ್ಲಿ, ಎಪ್ಪತ್ತಮೂರು ವರ್ಷಗಳ ನಂತರ. ಗೆಲಿಲಿಯೊ 1632ರಲ್ಲಿ ಅದೇ ವಿಷಯವನ್ನು ಜನರಾಡುವ ಇಟಾಲಿಯನ್ನಿನಲ್ಲಿ, ಮೂವರ ಸಂಭಾಷಣೆಯಾಗಿ ಬರೆದ. ಮರುವರ್ಷವೇ ವಿಚಾರಣೆ ನಡೆದು ಶಿಕ್ಷೆಯಾಯಿತು. 1642ರಲ್ಲಿ ಸಾಯುವ ತನಕ ಅವನು ಗೃಹಬಂಧನದಲ್ಲಿದ್ದ. ಭಾಷೆಯೊಂದೇ ಕಾರಣವಲ್ಲ, ನಿಜ. ಆದರೆ ಪಂಡಿತರ ಕೋಣೆಯಲ್ಲಿ ಸಹಿಸಿದ ಮಾತನ್ನು ಪೇಟೆಬೀದಿಯಲ್ಲಿ ಅಧಿಕಾರ ಸಹಿಸುವುದಿಲ್ಲ.

ಹಾಗಾದರೆ ಕೋಣೆಯೊಳಗೇ ಇದ್ದರೆ ಕ್ಷೇಮವೆ? ಇಲ್ಲ ಎನ್ನುವುದಕ್ಕೆ ನಮ್ಮಲ್ಲೇ ನಿದರ್ಶನವಿದೆ. ಡಾ. ಎಂ.ಎಂ. ಕಲಬುರ್ಗಿಯವರ ‘ಮಾರ್ಗ’ ಸಂಶೋಧನ ಲೇಖನಗಳ ಸಂಪುಟ. ಅದನ್ನು ಸಂತೆಯಲ್ಲಿ ಮಾರಲೆಂದು ಬರೆದದ್ದಲ್ಲ. ಆದರೂ ಚೆನ್ನಬಸವಣ್ಣನ ಜನ್ಮವನ್ನು ಕುರಿತ ಅವರ ನಿಲುವಿನ ಬಗ್ಗೆ 1989ರಲ್ಲಿ ದೊಡ್ಡ ಗದ್ದಲವೆದ್ದಿತು, ಅವರು ಬರೆದದ್ದನ್ನು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಅವರು ಗುಂಡೇಟಿಗೆ ಬಲಿಯಾದರು. ಈ ಎರಡು ಘಟನೆಗಳನ್ನು ನಾನು ಒಂದೇ ದಾರದಲ್ಲಿ ಪೋಣಿಸುತ್ತಿಲ್ಲ. ಹೇಳುವುದಿಷ್ಟೆ: ವಿದ್ವಾಂಸನ ಬರಹ ಅವನ ಅಪ್ಪಣೆಯಿಲ್ಲದೆಯೂ ಬೀದಿಗೆ ಬರುತ್ತದೆ. ಹಾಗೆ ಬರುವಾಗ ಆಧಾರಗಳು ಹಿಂದೆ ಉಳಿದು ತೀರ್ಮಾನವಷ್ಟೇ ಬಾಯಿಂದ ಬಾಯಿಗೆ ಹೋಗುತ್ತದೆ.

ಆದ್ದರಿಂದ ನನ್ನ ವಾದ ಇದು. ತೀರ್ಮಾನವನ್ನಷ್ಟೇ ಅಲ್ಲ, ಅದನ್ನು ತಲುಪಿದ ದಾರಿಯನ್ನೂ ಜನರ ಮುಂದಿಡುವ ಅಭ್ಯಾಸವನ್ನು ನಾವೇ ಬೆಳೆಸಬೇಕು. ಈ ಶಾಸನ ಹೀಗೆ ಹೇಳುತ್ತದೆ, ಆ ಕಾವ್ಯ ಹಾಗೆ ಹೇಳುತ್ತದೆ, ಇವೆರಡರ ನಡುವೆ ನಾನು ಊಹಿಸಿದ್ದು ಇಷ್ಟು ಎಂದು ಬಿಡಿಸಿ ಹೇಳಬೇಕು. ತಪ್ಪಿದಾಗ ತಪ್ಪಿದೆ ಎಂದು ಅದೇ ಜಾಗದಲ್ಲಿ ಅಚ್ಚು ಹಾಕಿಸಬೇಕು. ಇದನ್ನು ಕಂಡು ರೂಢಿಯಾದ ಓದುಗ ಒಪ್ಪದಿರಬಹುದು, ಸಿಟ್ಟಾಗಲೂಬಹುದು. ಆದರೆ ಆಧಾರ ಕೇಳುತ್ತಾನೆ. ಬಂದೂಕು ಹಿಡಿದವನನ್ನು ಇದು ತಡೆಯುತ್ತದೆಂಬ ಭ್ರಮೆ ನನಗಿಲ್ಲ. ಅಂಥ ಹೊತ್ತಿನಲ್ಲಿ ವಿದ್ವಾಂಸ ಒಂಟಿಯಾಗದಂತೆ ನೋಡಿಕೊಳ್ಳಬಲ್ಲದು, ಅಷ್ಟೆ.

ಆ ರೈತರಿಗೆ ನಾನು ಉತ್ತರ ಬರೆದೆ, ತಿದ್ದುಪಡಿಯನ್ನೂ ಪತ್ರಿಕೆಗೆ ಕಳಿಸಿದೆ. ಸಾಲು ಮೂರೇ ಇದ್ದರೂ ಲೇಖನಕ್ಕಿಂತ ಅದನ್ನು ಬರೆಯಲು ಹೆಚ್ಚು ಹೊತ್ತು ಹಿಡಿಯಿತು. ಅವರ ಕಾರ್ಡು ಈಗಲೂ ನನ್ನ ಶಾಸನ ಸಂಪುಟದಲ್ಲಿದೆ. ನಿಮಗೂ ಅಂಥದೊಂದು ಕಾರ್ಡು ಬರಲಿ ಎಂದು ಹಾರೈಸುತ್ತೇನೆ.