ಶಿಲೆಯ ಮಾತು, ಸಂಪಾದಕನ ಮಾತು



ಒಡೆದ ಶಾಸನವೊಂದನ್ನು ಓದುವ ವಿದ್ವಾಂಸನು ಅಳಿದುಹೋದ ಅಕ್ಷರಗಳನ್ನು ಪೂರ್ವಾಪರ ಸಂಬಂಧದಿಂದ ಊಹಿಸಿ ತುಂಬಿದಾಗ, ಕಲ್ಲು ತಾನಾಗಿ ಉಳಿಸಿಕೊಂಡುದು ಯಾವುದು, ತಾನು ಪೂರಿಸಿದುದು ಯಾವುದು ಎಂಬುದನ್ನು ಮುಂದಿನವರಿಗೆ ತೋರಿಸಿಕೊಡುವುದು ಅವನ ಧರ್ಮ. 1931ರಲ್ಲಿ ಲೈಡನ್ ನಗರದ ಪ್ರಾಚ್ಯವಿದ್ಯಾ ಸಮ್ಮೇಳನದಲ್ಲಿ ಸೇರಿದ ಪಂಡಿತರು ಪೂರಿಸಿದ ಅಕ್ಷರಗಳಿಗೆ ಚೌಕ ಕಂಸವೇ ಮೊದಲಾದ ಚಿಹ್ನೆಗಳನ್ನು ನಿಶ್ಚಯಿಸಿದುದು ಇದಕ್ಕಾಗಿಯೇ. ಎಪಿಡಾಕ್ ಎಂಬ ಪದ್ಧತಿಯು ಅದೇ ವಿವೇಕವನ್ನು ಎಕ್ಸ್‌ಎಮ್‌ಎಲ್ ಕಡತಕ್ಕೆ ತಂದಿದೆ: ಪೂರಿಸಿದ ಭಾಗವು ‘ಸಪ್ಲೈಡ್’ ಎಂಬ ಟ್ಯಾಗಿನೊಳಗಿರುತ್ತದೆ, ಕಂಡರಿಸಿದವನ ತಪ್ಪು ‘ಸಿಕ್’ನಲ್ಲಿ, ಸಂಪಾದಕನ ತಿದ್ದುಪಡಿ ‘ಕರ್’ನಲ್ಲಿ ಇದ್ದು, ಎರಡೂ ‘ಚಾಯ್ಸ್’ ಎಂಬ ಒಂದೇ ಆವರಣದಲ್ಲಿ ನೆಲೆಸುತ್ತವೆ.

ಇಂತಹ ಕಡತದಿಂದ ಶಿಲೆಯ ಮಾತನ್ನು ಮಾತ್ರ ಹೊರತೆಗೆಯಬೇಕೆಂದರೆ ನಮಗೆ ಒದಗುವ ಸಾಧನ ಎಕ್ಸ್‌ಎಸ್‌ಎಲ್‌ಟಿ. ಜೇಮ್ಸ್ ಕ್ಲಾರ್ಕ್ ಅವರ ಸಂಪಾದಕತ್ವದಲ್ಲಿ ಇದರ ಪ್ರಥಮ ಆವೃತ್ತಿಯು 1999ರ ನವೆಂಬರಿನಲ್ಲಿ ಪ್ರಕಟವಾಯಿತು. ಕಡತವನ್ನು ವಂಶವೃಕ್ಷದಂತೆ ಕಂಡು ಅದರ ಪೂರ್ವಜರನ್ನೂ ಸಂತಾನವನ್ನೂ ಹೆಸರಿಸಬಲ್ಲ ಎಕ್ಸ್‌ಪಾಥ್ ಕೂಡ ಅದರೊಡನೆಯೇ ಬಂದಿತು.

ಎಕ್ಸ್‌ಎಸ್‌ಎಲ್‌ಟಿಯ ಆದೇಶಗಳನ್ನು ಬರೆಯುವ ಕಡತವೇ ಸ್ಟೈಲ್‌ಶೀಟ್; ಒಂದು ಆದೇಶವನ್ನೂ ಬರೆಯದ ಬರಿಯ ಸ್ಟೈಲ್‌ಶೀಟನ್ನು ಶಾಸನದ ಕಡತದ ಮೇಲೆ ನಡೆಸಿದರೆ ಏನೂ ಹೊರಬಾರದೆಂದು ಹೊಸಬರು ಎಣಿಸುವುದು ಸಹಜ. ಆಗುವುದು ಅದಕ್ಕೆ ತದ್ವಿರುದ್ಧ. ಮೂಲಾಂಶವನ್ನು ಕಂಡರೆ ಅದರ ಮಕ್ಕಳ ಬಳಿಗೆ ಹೋಗು, ಪಠ್ಯವನ್ನು ಕಂಡರೆ ಹಾಗೆಯೇ ಹೊರಕ್ಕೆ ಬರೆ ಎಂಬ ನಿಯಮಗಳು ಈ ಭಾಷೆಯಲ್ಲಿ ಹುಟ್ಟಿನಿಂದಲೇ ಇರುವುದರಿಂದ, ಶೀರ್ಷಭಾಗದಲ್ಲಿರುವ ಸಂಪಾದಕನ ಹೆಸರು, ಟಿಪ್ಪಣಿ, ಅನುವಾದಗಳೆಲ್ಲವೂ ಒಟ್ಟಿಗೆ ಹರಿದುಬರುತ್ತವೆ. ತಪ್ಪು ಪದವೂ ತಿದ್ದಿದ ಪದವೂ ಒಂದರ ಬೆನ್ನಿಗೊಂದು ಅಂಟಿ ನಿಲ್ಲುತ್ತವೆ. ಆದುದರಿಂದ ಇಲ್ಲಿ ಆಯ್ಕೆಯೆಂಬುದು ಬಹುಮಟ್ಟಿಗೆ ನಿರಾಕರಣೆಯೇ: ‘ಕರ್’ ಬೇಡವಾದರೆ ಅದರ ಹೆಸರಿಗೆ ಒಂದು ಬರಿದಾದ ಟೆಂಪ್ಲೇಟನ್ನು, ಎಂದರೆ ಏನನ್ನೂ ಹೊರಡಿಸದ ನಿಯಮವನ್ನು, ಬರೆಯಬೇಕು.

ಪ್ರತಿಯೊಂದು ಸಾಲನ್ನೂ ‘ವ್ಯಾಲ್ಯೂ-ಆಫ್’ ಎಂಬ ಆದೇಶದಿಂದ ನೇರವಾಗಿ ಎತ್ತಿಕೊಳ್ಳುವ ಸುಲಭೋಪಾಯವು ಅನೇಕರನ್ನು ಆಕರ್ಷಿಸುತ್ತದೆ. ಸಾಲನ್ನೇ ಕೇಳಿದರೆ ಅದರ ಸಮಸ್ತ ಸಂತತಿಯ ಪಠ್ಯವೂ, ನಾವು ಬರೆದ ನಿರಾಕರಣೆಗಳನ್ನು ಲೆಕ್ಕಿಸದೆ, ಒಂದಾಗಿ ಬರುತ್ತದೆ. ಸಾಲಿನ ಸ್ವಂತ ಪಠ್ಯವನ್ನು ಮಾತ್ರ ಕೇಳಿದರೆ, ಪ್ರಥಮ ಆವೃತ್ತಿಯ ನಿಯಮದಂತೆ, ಮೊದಲ ತುಣುಕು ಮಾತ್ರ ಬಂದು, ಪೂರಿಸಿದ ಭಾಗದ ಆಚೆಗಿರುವ ನಿಜವಾದ ಅಕ್ಷರಗಳು ಯಾವ ದೋಷಸೂಚನೆಯೂ ಇಲ್ಲದೆ ಮಾಯವಾಗುತ್ತವೆ. ಅರ್ಧ ಸಾಲು ಕಳೆದುಹೋದುದು ಓದುಗನಿಗೆ ತಿಳಿಯದೆ ಹೋಗುವುದಕ್ಕಿಂತ ದೊಡ್ಡ ಅಪಚಾರ ಶಾಸನಕ್ಕೆ ಬೇರೊಂದಿಲ್ಲ. 2007ರ ಆವೃತ್ತಿಯು ತುಣುಕುಗಳೆಲ್ಲವನ್ನೂ ಕೊಡುತ್ತದೆಯಾದರೂ ನಡುವೆ ಏನಿತ್ತೆಂಬ ಸುಳಿವನ್ನೇ ಕೊಡದೆ ಅವನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ‘ಅಪ್ಲೈ-ಟೆಂಪ್ಲೇಟ್ಸ್’ ಎಂಬ ಆದೇಶದಿಂದ ಒಂದೊಂದು ಅಂಶವನ್ನೂ ಅದರದರ ಟೆಂಪ್ಲೇಟಿಗೆ ಒಪ್ಪಿಸುವ ಮಾರ್ಗವೇ ನನಗೆ ಶ್ರೇಯಸ್ಕರವಾಗಿ ತೋರುತ್ತದೆ.

‘ಸಪ್ಲೈಡ್’ನ ವಿಷಯದಲ್ಲಿಯಾದರೋ ಪೂರ್ಣ ಮೌನವೂ ಸಲ್ಲದು; ಹಾಗೆ ಮಾಡಿದರೆ ಎರಡು ಬದಿಯ ಅಕ್ಷರಗಳು ಕೂಡಿಕೊಂಡು, ಕಲ್ಲಿನಲ್ಲಿ ಎಂದೂ ಇಲ್ಲದ ಪದವೊಂದು ಹುಟ್ಟೀತು. ಆದುದರಿಂದ ಆ ಎಡೆಯಲ್ಲಿ ಚುಕ್ಕಿಗಳನ್ನು ಇಡಬೇಕು. ಎಷ್ಟು ಚುಕ್ಕಿ? ‘ಸ್ಟ್ರಿಂಗ್-ಲೆಂತ್’ ಎಂಬ ಎಣಿಕೆಯು ಯೂನಿಕೋಡ್ ಸಂಕೇತಗಳನ್ನು ಎಣಿಸುವುದರಿಂದ, ನಾವು ಒಂದೇ ಅಕ್ಷರವೆಂದು ಉಚ್ಚರಿಸುವ ‘ಸ್ತ್ರೀ’ ಅದಕ್ಕೆ 6 ಆಗಿ ಕಾಣುತ್ತದೆ. ಆ ಎಣಿಕೆಯನ್ನು ನಂಬಿದರೆ ಚಿಕ್ಕದೊಂದು ಬಿರುಕು ಮುದ್ರಣದಲ್ಲಿ ಅರ್ಧ ಸಾಲಿನಷ್ಟು ಬೆಳೆದೀತು; ಅದಕ್ಕಾಗಿ ಕನ್ನಡ ಶಾಸನದ ಕಡತದಲ್ಲಿ ನಷ್ಟಾಕ್ಷರಗಳ ಸಂಖ್ಯೆಯನ್ನು, ಕಲ್ಲನ್ನು ಕಣ್ಣಾರೆ ಕಂಡ ಸಂಪಾದಕನೇ, ಟ್ಯಾಗಿನ ಅಟ್ರಿಬ್ಯೂಟಿನಲ್ಲಿ ಬರೆದಿಡಬೇಕು.